ಎದುರಿನಿಂದ ಯಾರೂ ಬಾರದ ದಾರಿ

ಮೈಸೂರಿಗೆ ಬಂದ ಯಾತ್ರಿಕರು ಅರಮನೆಯನ್ನು ನೋಡುತ್ತಾರೆ. ಬೆಟ್ಟಕ್ಕೆ ಹೋಗಿ ತಾಯಿಯ ದರ್ಶನ ಮಾಡುತ್ತಾರೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆಯನ್ನೂ ಊದುಬತ್ತಿಯನ್ನೂ ಕೊಂಡು, ಮೈಸೂರು ಪಾಕಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದು ರೈಲು ನಿಲ್ದಾಣಕ್ಕೆ ಮರಳುತ್ತಾರೆ. ನಿಲ್ದಾಣಕ್ಕೆ ಸಮೀಪದಲ್ಲೇ ಇರುವ ಯಾದವಗಿರಿಯ ಕಡೆಗೆ ತಿರುಗಿ ನೋಡುವವರು ವಿರಳ. ಆದರೆ ಐವತ್ತು ದಾಟಿದ ಮೈಸೂರಿಗರನ್ನು ಯಾದವಗಿರಿಯಲ್ಲಿ ಏನಿತ್ತೆಂದು ಕೇಳಿದರೆ, ಮಾತಿನಲ್ಲಿ ಉತ್ತರ ಹೇಳುವ ಮೊದಲೇ ಅವರು ಬಾಯಲ್ಲಿ ಒಂದು ಸದ್ದು ಮಾಡಿ ತೋರಿಸುತ್ತಾರೆ: ಡುಗ್ ಡುಗ್ ಡುಗ್ ಡುಗ್! ಅದು ಜಾವಾ ಮೋಟಾರು ಸೈಕಲ್ಲಿನ ಸದ್ದು.

ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ತಲೆಯೆತ್ತಿದ್ದು ೧೯೬೦-೬೧ರಲ್ಲಿ. ಉದ್ಯಮಿ ರುಸ್ತುಂ ಇರಾನಿಯವರು ಝೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಒಪ್ಪಿಗೆ ಪಡೆದು ಅದನ್ನು ಸ್ಥಾಪಿಸಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಜಾವಾ ಎಂಬುದಕ್ಕೂ ಅದೇ ಹೆಸರಿನ ದ್ವೀಪಕ್ಕೂ ಸಂಬಂಧವಿಲ್ಲ. ಪ್ರಾಗ್ ನಗರದ ಯಾನೆಚೆಕ್ ಎಂಬ ಯಂತ್ರಶಿಲ್ಪಿ ೧೯೨೯ರಲ್ಲಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡಾಗ, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು. ಮೈಸೂರಿನಲ್ಲಿ ತಯಾರಾದ ೨೫೦ ಸಿ.ಸಿ. ಗಾಡಿಗೆ ಎರಡು ಹೊಗೆಕೊಳವೆಗಳಿದ್ದವು. ಒದ್ದು ಎಂಜಿನ್ ಎಬ್ಬಿಸುವ ಸನ್ನೆಯನ್ನೇ ಮುಂದಕ್ಕೆ ಮಗುಚಿದರೆ ಅದು ಗೇರಿನ ಸನ್ನೆಯಾಗುತ್ತಿತ್ತು. ಒಂದೇ ಕಬ್ಬಿಣದ ತುಂಡಿನಿಂದ ಎರಡು ಕೆಲಸ! ಈ ಮಿತವ್ಯಯ ಮೈಸೂರಿನ ಗೃಹಸ್ಥರಿಗೆ ಬಹಳ ಹಿಡಿಸಿತೆಂದರೆ ಅಚ್ಚರಿಯಿಲ್ಲ. ೧೯೭೦ರ ದಶಕದ ಆದಿಯಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರ್ಖಾನೆಯೇ ಮುಚ್ಚಿತು. ೨೦೧೮ರಲ್ಲಿ ಬೇರೊಂದು ಸಂಸ್ಥೆ ಜಾವಾ ಹೆಸರನ್ನು ಮತ್ತೆ ಬೀದಿಗೆ ತಂದಿತಾದರೂ ಆ ಹೊಸ ಗಾಡಿಗಳು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ, ಯಾದವಗಿರಿಯಲ್ಲಲ್ಲ. ಹಳೆಯ ಜಾವಾ, ಯೆಜ್ಡಿಗಳನ್ನು ಮಾತ್ರ ಇಂದಿಗೂ ಮೈಸೂರಿನ ಹಲವು ಮನೆಗಳಲ್ಲಿ, ಅಜ್ಜನ ಗಡಿಯಾರವನ್ನು ಕಾಪಾಡುವಂತೆ ಒರೆಸಿ, ಎಣ್ಣೆ ಹಾಕಿ ಇಟ್ಟುಕೊಂಡಿದ್ದಾರೆ.

ಮೋಟಾರು ಸೈಕಲ್ಲನ್ನು ಕಟ್ಟಿದ ಊರಿಗೆ ಅದರ ವೇಗದ ಹುಚ್ಚು ಅಂಟದಿರುವುದು ಸಾಧ್ಯವೇ? ಯಾದವಗಿರಿಯಲ್ಲಿ ಮೊದಲ ಗಾಡಿಗಳು ಸಿದ್ಧವಾಗುತ್ತಿದ್ದ ೧೯೬೧ರಲ್ಲೇ ಫ್ರಾಂಟಿಶೆಕ್ ಷ್ಟಾಸ್ಟ್ನಿ ಎಂಬ ಝೆಕ್ ಸವಾರ ಜಾವಾ ಗಾಡಿಯ ಮೇಲೆ ಪಶ್ಚಿಮ ಜರ್ಮನಿಯ ಮತ್ತು ಸ್ವೀಡನ್ನಿನ ಮಹಾಪಂದ್ಯಗಳನ್ನು ಗೆದ್ದು, ೩೫೦ ಸಿ.ಸಿ. ವರ್ಗದ ಜಗತ್ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದ. ಅದೇ ಕಂಪನಿಯ ಗಾಡಿಯ ಮೇಲೆ, ೧೯೬೯ರ ಜುಲೈಯಲ್ಲಿ, ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್ ಎಂಬಲ್ಲಿ ಅಭ್ಯಾಸ ನಡೆಸುತ್ತಿದ್ದಾಗ ಬಿಲ್ ಐವಿ ಎಂಬ ಇಂಗ್ಲಿಷ್ ಸವಾರ ಪ್ರಾಣ ಕಳೆದುಕೊಂಡ. ಅಂದಿನ ಅನೇಕ ಓಟದ ಹಾದಿಗಳು ಊರಿನ ಸಾಮಾನ್ಯ ರಸ್ತೆಗಳೇ ಆಗಿದ್ದವು. ಅಂಚಿನಲ್ಲಿ ಮರ, ಗೋಡೆ, ಮನೆ.

ಮೈಸೂರಿನಲ್ಲಿ ಕುದುರೆಯ ಓಟಕ್ಕೆ ಬಯಲುಂಟು. ೧೮೯೧ರಲ್ಲಿ ಸ್ಥಾಪಿತವಾದ ರೇಸ್ ಕ್ಲಬ್ಬಿನ ಹಸುರು ಅಂಗಳ ಚಾಮುಂಡಿ ಬೆಟ್ಟದ ಅಡಿಯಲ್ಲೇ ಹರಡಿಕೊಂಡಿದೆ. ಮೋಟಾರು ಸೈಕಲ್ಲಿಗೆ ಡಾಂಬರಿನ ಓಟದ ಬಯಲು ಮೈಸೂರಿನಲ್ಲಿಲ್ಲ. ಆದುದರಿಂದ ವೇಗದ ಹಂಬಲವಿರುವ ತರುಣರು ಬೆಟ್ಟದ ರಸ್ತೆಯನ್ನೇ ಹಿಡಿಯುತ್ತಾರೆ. ಇಲ್ಲವೆ ಊರನ್ನು ಬಳಸಿ ಹೋಗುವ ರಿಂಗ್ ರಸ್ತೆಯನ್ನು ಹಿಡಿಯುತ್ತಾರೆ. ಇದು ಅಪರಾಧ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೮೯ನೆಯ ಕಲಮು ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ ಓಡುವುದನ್ನೂ ವೇಗ ಪರೀಕ್ಷಿಸುವುದನ್ನೂ ದಂಡನೀಯವೆಂದು ಹೇಳುತ್ತದೆ. ೨೦೧೯ರ ತಿದ್ದುಪಡಿಯ ಬಳಿಕ ಮೊದಲ ಸಲಕ್ಕೆ ಮೂರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡ, ಅಥವಾ ಎರಡೂ. ಆದರೆ ಬೆಳಗಿನ ಐದೂವರೆಗೆ, ಮಂಜು ಇನ್ನೂ ಕರಗದ ಬೆಟ್ಟದ ತಿರುವಿನಲ್ಲಿ, ಕಾಯಿದೆಯ ಕಲಮು ಯಾರಿಗೆ ನೆನಪಾಗುತ್ತದೆ?

ಅಂಥ ಒಬ್ಬ ತರುಣನನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಬಹುದು. ಹೆಸರು ಬೇಡ, ಇಂಥವರು ಮೈಸೂರಿನ ಬಡಾವಣೆಗೊಬ್ಬರು ಇದ್ದಾರೆ. ತಂದೆ ಯಾದವಗಿರಿಯ ಕಾರ್ಖಾನೆಯಲ್ಲಿ, ಅದು ಮುಚ್ಚುವ ದಿನದವರೆಗೆ, ದುಡಿದವರು. ಅವರ ಯೆಜ್ಡಿ ಹಿತ್ತಲಿನ ತಗಡಿನ ಚಪ್ಪರದಡಿ ಹಳೆಯ ಬೆಡ್‌ಶೀಟು ಹೊದ್ದು ನಿಂತಿದೆ. ಮಗನದು ಹೊಸ ಕಾಲದ ಗಾಡಿ. ವಾರದ ಐದು ದಿನ ಕಚೇರಿಗೆ ಹೋಗಿಬರುವುದು, ಶನಿವಾರ ತಾಯಿಯನ್ನು ಹಿಂದೆ ಕೂರಿಸಿಕೊಂಡು ಅಗ್ರಹಾರದ ಮಾರುಕಟ್ಟೆಯಿಂದ ತರಕಾರಿ ತರುವುದು, ಭಾನುವಾರ ನಸುಕಿನಲ್ಲಿ ಬೆಟ್ಟ ಹತ್ತುವುದು. ಕೈಗಡಿಯಾರ ನೋಡಿಕೊಂಡು ಹತ್ತುತ್ತಾನೆಂಬುದನ್ನು ಅವನು ಮನೆಯಲ್ಲಿ ಹೇಳಿಲ್ಲ.

ಒಂದು ಭಾನುವಾರ, ನಂದಿಯ ಸಮೀಪದಲ್ಲಿ, ಮೆಟ್ಟಿಲು ಹತ್ತಿ ಬಂದ ಭಕ್ತರು ರಸ್ತೆಗೆ ಕಾಲಿಡುವ ಎಡೆಯಲ್ಲಿ, ತಿರುವು ಮುಗಿಯುವಷ್ಟರಲ್ಲಿ ಎದುರಿಗೆ ಒಬ್ಬ ಹೆಂಗಸು ಕಂಡಳು. ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಬಂದವಳು, ಕೈಯಲ್ಲಿ ತಟ್ಟೆ. ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ಕಿರುಚುತ್ತ ಜಾರಿತು. ಒಂದು ಗೇಣು ಅಂತರದಲ್ಲಿ ನಿಂತಿತು. ಹೆಂಗಸು ಬೈಯಲಿಲ್ಲ. ತಟ್ಟೆಯನ್ನು ಎದೆಗವಚಿಕೊಂಡು ಅವನ ಮುಖವನ್ನೇ ನೋಡಿ, ರಸ್ತೆ ದಾಟಿ ಮುಂದಿನ ಮೆಟ್ಟಿಲು ಹತ್ತಿದಳು.

ಮನೆಯಲ್ಲಿ ಅವನು ಏನೂ ಹೇಳಲಿಲ್ಲ. ಆದರೆ ಕಾರ್ಖಾನೆಯಲ್ಲಿ ದುಡಿದ ಕಣ್ಣಿಗೆ ಹೇಳುವ ಅಗತ್ಯವೆಲ್ಲಿ? ಸಂಜೆ ಗಾಡಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತ ತಂದೆ ಹಿಂದಿನ ಟೈರಿನ ಮೇಲೆ ಬೆರಳಾಡಿಸಿದರು. ಒಂದು ಕಡೆ ರಬ್ಬರು ಚಪ್ಪಟೆಯಾಗಿ ಸವೆದಿತ್ತು.

“ಬೆಟ್ಟದಲ್ಲೋ, ರಿಂಗ್ ರೋಡಲ್ಲೋ?” ಎಂದು ಕೇಳಿದರು.

“ಬೆಟ್ಟದಲ್ಲಿ ಅಪ್ಪ.”

“ನಿಂಗೆ ವೇಗ ಬೇಕು ಅಂದ್ರೆ ಅದಕ್ಕೆ ಅಂತ ಜಾಗ ಮಾಡಿದಾರೆ. ಅಲ್ಲಿಗೆ ಹೋಗು. ದುಡ್ಡು ಬೇಕಾದ್ರೆ ನಾನು ಕೊಡ್ತೀನಿ. ಬೆಟ್ಟಕ್ಕೆ ಇನ್ನು ಮೇಲೆ ಬಸ್ಸಲ್ಲಿ ಹೋಗು, ಇಲ್ಲ ನಡ್ಕೊಂಡು ಹೋಗು.”

ವೇಗಕ್ಕೆಂದೇ ಒಂದು ಜಾಗ ಮಾಡಬೇಕೆಂಬ ಆಲೋಚನೆ ನೂರು ವರ್ಷಕ್ಕೂ ಹಳೆಯದು. ಬ್ರಿಟನ್ನಿನಲ್ಲಿ ಆಗ ರಸ್ತೆಯ ಮೇಲೆ ಗಂಟೆಗೆ ಇಪ್ಪತ್ತು ಮೈಲಿಗಿಂತ ವೇಗವಾಗಿ ಹೋಗುವಂತಿರಲಿಲ್ಲ. ಆದುದರಿಂದ ೧೯೦೭ರಲ್ಲಿ ಎರಡು ಘಟನೆಗಳು ನಡೆದುವು. ಸ್ವಂತ ಶಾಸನವಿದ್ದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಮೋಟಾರು ಸೈಕಲ್ಲುಗಳ ಟಿ.ಟಿ. ಪಂದ್ಯ ಆರಂಭವಾಯಿತು, ಲಂಡನ್ನಿಗೆ ಸಮೀಪದ ಬ್ರೂಕ್‌ಲೆಂಡ್ಸ್ ಎಂಬಲ್ಲಿ ಮೋಟಾರು ಓಟಕ್ಕೆಂದೇ ಕಟ್ಟಿದ ಹಾದಿ ತೆರೆಯಿತು. ದ್ವೀಪದವರು ರಸ್ತೆಯನ್ನು ಮುಚ್ಚಿ ಓಡಿದರು. ಬ್ರೂಕ್‌ಲೆಂಡ್ಸಿನವರು ರಸ್ತೆಯನ್ನೇ ಬಿಟ್ಟು ಓಡಿದರು. ದಕ್ಷಿಣ ಭಾರತದಲ್ಲಿ ಈ ಕೆಲಸಕ್ಕೆ ಒದಗಿದ್ದು ಯುದ್ಧಕಾಲದ ವಿಮಾನದ ನೆಲ. ೧೯೫೩ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಶೋಳವರಂನ ಹಳೆಯ ವಿಮಾನದ ಪಟ್ಟಿಯ ಮೇಲೆ ದಶಕಗಟ್ಟಲೆ ಓಟ ನಡೆಸಿತು. ಮೈಸೂರಿನ ಜಾವಾ, ಯೆಜ್ಡಿಗಳು ಅಲ್ಲಿ ಗಂಟಲು ಹರಿಯುವಂತೆ ಕೂಗಿ ಓಡಿದ್ದನ್ನು ಕಂಡ ಹಿರಿಯರು ಇಂದಿಗೂ ಇದ್ದಾರೆ. ೧೯೯೦ರಲ್ಲಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯಲ್ಲಿ ಅದೇ ಕ್ಲಬ್ಬು ಶಾಶ್ವತ ಹಾದಿಯನ್ನು ಕಟ್ಟಿತು. ಮೈಸೂರಿಗೆ ಅದಕ್ಕಿಂತ ಹತ್ತಿರದ್ದು ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿದೆ. ಓಟದ ಕಾರುಗಳನ್ನು ಸ್ವತಃ ರೂಪಿಸಿ, ೧೯೯೫ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ನೆನಪಿನಲ್ಲಿ ಅದಕ್ಕೆ ಕರಿ ಮೋಟಾರ್ ಸ್ಪೀಡ್‌ವೇ ಎಂದು ಹೆಸರು. ೨೦೦೩ರಲ್ಲಿ ತೆರೆದ ಈ ಹಾದಿಯ ಸುತ್ತಳತೆ ೨.೧ ಕಿಲೋಮೀಟರು. ಭಾರತದ ಮೊದಲ ಫಾರ್ಮುಲಾ ಒನ್ ಸಾರಥಿ ನಾರಾಯಣ್ ಕಾರ್ತಿಕೇಯನ್ ಕೂಡ ಅದೇ ಊರಿನವರು.

ಪಂದ್ಯವಿಲ್ಲದ ದಿನಗಳಲ್ಲಿ ಇಂಥ ಹಾದಿಗಳನ್ನು ಬಾಡಿಗೆಗೆ ಹಿಡಿದು, ಬೀದಿಯಲ್ಲಿ ಓಡಿಸುವ ಗಾಡಿಗಳನ್ನೇ ತಂದು ಓಡಿಸಲು ಸಾಮಾನ್ಯ ಸವಾರರಿಗೆ ಅವಕಾಶ ಕೊಡುವ ಪದ್ಧತಿಯುಂಟು. ಅದಕ್ಕೆ ‘ಟ್ರ್ಯಾಕ್ ಡೇ’ ಎನ್ನುತ್ತಾರೆ. ಅದು ಪಂದ್ಯವಲ್ಲ. ಗೆದ್ದವರಿಲ್ಲ, ಸೋತವರಿಲ್ಲ, ಬಹುಮಾನವಿಲ್ಲ. ಮನೆಯವರು ಇದನ್ನು ಚೆನ್ನಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಸಾಮಾನ್ಯ ವಾಹನ ವಿಮೆ ಪಂದ್ಯದಲ್ಲಾಗಲಿ ವೇಗ ಪರೀಕ್ಷೆಯಲ್ಲಾಗಲಿ ಆದ ನಷ್ಟವನ್ನು ತುಂಬಿಕೊಡುವುದಿಲ್ಲ. ಬಂದವರೆಲ್ಲರೂ ತಮ್ಮ ಹೊಣೆ ತಮ್ಮದೇ ಎಂದು ಕಾಗದಕ್ಕೆ ರುಜು ಹಾಕಬೇಕು.

ತರುಣ ಹೊರಟದ್ದು ಒಂದು ಶನಿವಾರ ಬೆಳಿಗ್ಗೆ. ಸ್ನೇಹಿತನಿಂದ ಎರವಲು ತಂದ ದಪ್ಪ ಚರ್ಮದ ದಿರಿಸು ಬೆನ್ನ ಹಿಂದಿನ ಚೀಲದಲ್ಲಿ. ತಾಯಿ ಕಟ್ಟಿಕೊಟ್ಟ ಚಪಾತಿ ಪಲ್ಯ ಅದರ ಮೇಲೆ. ನಂಜನಗೂಡಿನವರೆಗೆ ಇಪ್ಪತ್ತೈದು ಕಿಲೋಮೀಟರು ನೇರ ರಸ್ತೆ. ಕಪಿಲೆಯನ್ನು ದಾಟುವಾಗ ಗೋಪುರದ ಕಡೆಗೆ ಕೈ ಹಣೆಗೆ ಹೋಗುವುದು ವಾಡಿಕೆ. ಹಿಡಿಯ ಮೇಲೆ ಎರಡೂ ಕೈ ಇಟ್ಟು ನಡೆಸಬೇಕೆಂದು ಬೋಧಿಸುವ ಶಾಸ್ತ್ರ ಏನೇ ಹೇಳಲಿ, ಶ್ರೀಕಂಠೇಶ್ವರನ ಮುಂದೆ ಅದು ನಡೆಯದು. ಆಮೇಲೆ ಚಾಮರಾಜನಗರ. ಅಧಿಕಾರದಲ್ಲಿರುವವರು ಈ ಊರಿಗೆ ಕಾಲಿಟ್ಟರೆ ಕುರ್ಚಿ ಕಳೆದುಕೊಳ್ಳುತ್ತಾರೆಂಬ ನಂಬಿಕೆ ಬಹುಕಾಲ ಪ್ರಚಾರದಲ್ಲಿತ್ತು. ಕುರ್ಚಿಯಿಲ್ಲದವರು ನಿರ್ಭಯವಾಗಿ ಕಾಫಿ ಕುಡಿದು ಮುಂದುವರಿಯಬಹುದು.

ಪುಣಜನೂರಿನ ತನಿಖೆಯ ಗೇಟು ದಾಟಿದರೆ ಕಾಡು, ಮುಂದೆ ತಮಿಳುನಾಡು. ರಾಜ್ಯ ಬದಲಾದರೂ ಮಾತು ಒಮ್ಮೆಲೇ ಬದಲಾಗುವುದಿಲ್ಲ. ತಾಳವಾಡಿಯ ಸುತ್ತಿನಲ್ಲಿ ಕನ್ನಡವೇ ಮನೆಮಾತು, ಡಾ. ರಾಜಕುಮಾರರ ಹುಟ್ಟೂರು ಗಾಜನೂರು ಆ ಸೀಮೆಯಲ್ಲೇ ಇದೆ. ಕಬ್ಬಿನ ಲಾರಿಗಳನ್ನು ಆನೆಗಳು ತಡೆದು ನಿಲ್ಲಿಸಿ, ಸುಂಕದವರಂತೆ ತಮ್ಮ ಪಾಲನ್ನು ಎಳೆದುಕೊಂಡ ಮೇಲೆಯೇ ದಾರಿ ಬಿಡುವುದು ಹಾಸನೂರಿನ ಕಡೆ ಹೊಸ ಸುದ್ದಿಯಲ್ಲ. ೨೦೧೩ರಲ್ಲಿ ಸತ್ಯಮಂಗಲದ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ರಾತ್ರಿಯ ಹೊತ್ತು ವಾಹನಗಳಿಗೆ ನಿರ್ಬಂಧವೂ ಬಂದಿತು.

ಹಾಸನೂರು ಕಳೆದ ಮೇಲೆ ದಿಂಬಂ. ಅಲ್ಲಿಂದ ಬಣ್ಣಾರಿಯವರೆಗೆ ಘಟ್ಟ ಇಳಿಯುವಾಗ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳು. ಪ್ರತಿಯೊಂದಕ್ಕೂ ಸಂಖ್ಯೆ ಬರೆದ ಫಲಕವುಂಟು. ಮೈಸೂರಿನ ಬೆಟ್ಟದಲ್ಲಿ ತನ್ನನ್ನು ಶೂರನೆಂದು ತಿಳಿದಿದ್ದ ಸವಾರ ಇಲ್ಲಿ ಒಂದೊಂದು ತಿರುವಿಗೂ ಉಸಿರು ಹಿಡಿಯುತ್ತಾನೆ. ತಿರುವಿನ ಆಚೆ ಏನಿದೆ? ಲಾರಿ ರಸ್ತೆಯ ಪೂರ್ತಿ ಅಗಲವನ್ನು ಬಳಸಿಕೊಂಡು ಮೇಲೇರುತ್ತಿರಬಹುದು, ಮರಳು ಚೆಲ್ಲಿರಬಹುದು, ಕೋತಿಗಳ ಸಂಸಾರ ಕುಳಿತಿರಬಹುದು, ಏನೂ ಇಲ್ಲದೆಯೂ ಇರಬಹುದು. ಬೀದಿಯ ಸವಾರನ ವಿದ್ಯೆಯೆಂದರೆ ಬಹುಪಾಲು ಈ ‘ಇರಬಹುದು’ಗಳನ್ನು ಊಹಿಸುವ ವಿದ್ಯೆ. ಕಣ್ಣು ಹತ್ತು ಕಡೆ. ಕಿವಿ ಹಾರನ್ನಿನ ಕಡೆ. ಮನಸ್ಸು ಎದುರಿನಿಂದ ಬರುವವನ ಬುದ್ಧಿಯ ಕಡೆ. ತನ್ನ ಗಾಡಿಯ ಬುದ್ಧಿಯನ್ನು ತಿಳಿಯಲು ಅವನಿಗೆ ಪುರಸೊತ್ತು ಎಲ್ಲಿಂದ ಬರಬೇಕು?

ಸತ್ಯಮಂಗಲ, ಪುಳಿಯಂಪಟ್ಟಿ, ಅಣ್ಣೂರು ದಾಟಿ ಮಧ್ಯಾಹ್ನಕ್ಕೆ ಕೊಯಮತ್ತೂರು. ರಾತ್ರಿ ಅಲ್ಲೇ ತಂಗುವುದು.

ಭಾನುವಾರ ಬೆಳಿಗ್ಗೆ ಆರೂವರೆಗೆ ಚೆಟ್ಟಿಪಾಳ್ಯದ ಅಂಗಳದಲ್ಲಿ ನೂರು ಬಗೆಯ ಗಾಡಿಗಳು. ಮೊದಲು ತಪಾಸಣೆ. ಟೈರಿನ ಸವೆತ, ಬ್ರೇಕಿನ ಪ್ಯಾಡು, ಚೈನಿನ ಬಿಗಿ, ಎಲ್ಲಾದರೂ ಎಣ್ಣೆ ಒಸರುತ್ತಿದೆಯೇ ಎಂಬುದೆಲ್ಲವನ್ನೂ ಪರಿಶೀಲಿಸುತ್ತಾರೆ. ಎಣ್ಣೆಯ ವಿಷಯದಲ್ಲಿ ದಾಕ್ಷಿಣ್ಯವಿಲ್ಲ. ಒಬ್ಬನ ಗಾಡಿಯಿಂದ ತೊಟ್ಟಿಕ್ಕಿದ ಎಣ್ಣೆ ಹಿಂದೆ ಬರುವ ಹತ್ತು ಜನರನ್ನು ಬೀಳಿಸಬಲ್ಲದು. ಬಳಿಕ ಮುಂದಿನ ದೀಪ, ಹಿಂದಿನ ದೀಪ, ಪಕ್ಕದ ಸೂಚಕ ದೀಪಗಳಿಗೆಲ್ಲ ಅಂಟುಪಟ್ಟಿ ಸುತ್ತಬೇಕು. ಬಿದ್ದರೆ ಗಾಜು, ಪ್ಲಾಸ್ಟಿಕ್ಕು ಚೂರಾಗಿ ಹಾದಿಯ ಮೇಲೆ ಹರಡಬಾರದು. ಕಣ್ಣಿಗೆ ಬಟ್ಟೆ ಕಟ್ಟಿದ ಗಾಣದೆತ್ತಿನಂತೆ ಗಾಡಿ ಕಾಣುತ್ತದೆ. ಕೊನೆಗೆ ಕನ್ನಡಿಗಳನ್ನು ಬಿಚ್ಚಿಡಬೇಕು.

ಕನ್ನಡಿ ಬಿಚ್ಚುವಾಗ ತರುಣನ ಕೈ ತುಸು ತಡೆಯಿತು. ಬೀದಿಯಲ್ಲಿ ಅರ್ಧ ಪ್ರಾಣ ಕನ್ನಡಿಯಲ್ಲಿರುತ್ತದೆ. ಆದರೆ ಇಲ್ಲಿಯ ನಿಯಮವೇ ಬೇರೆ: ಹಿಂದಿನಿಂದ ಬರುವವನನ್ನು ನೋಡುವುದು ಮುಂದಿನವನ ಕೆಲಸವಲ್ಲ, ಮುಂದಿನವನನ್ನು ಅಪಾಯವಿಲ್ಲದೆ ದಾಟುವುದು ಹಿಂದಿನವನ ಹೊಣೆ. ಮುಂದಿನವನು ತನ್ನ ಗೆರೆಯನ್ನು ಬಿಡದೆ, ಥಟ್ಟನೆ ಅತ್ತಿತ್ತ ಸರಿಯದೆ ಹೋಗುತ್ತಿದ್ದರೆ ಸಾಕು.

ಆಮೇಲೆ ಪಾಠ. ಶಾಲೆಯ ಮಕ್ಕಳಂತೆ ಎಲ್ಲರೂ ಬೆಂಚಿನ ಮೇಲೆ. ಹಳದಿ ಬಾವುಟ ಬೀಸಿದರೆ ಮುಂದೆ ಅಪಾಯ, ಯಾರನ್ನೂ ದಾಟಕೂಡದು. ಕೆಂಪು ಬಾವುಟವೆಂದರೆ ಓಟ ನಿಂತಿತು; ನಿಧಾನವಾಗಿ ಅಂಗಳಕ್ಕೆ ಮರಳಬೇಕು. ನೀಲಿಯೆಂದರೆ ಹಿಂದೆ ವೇಗದವನಿದ್ದಾನೆ. ಕಪ್ಪು ತೋರಿಸಿದರೆ ಆ ಸವಾರನೇ ಕೂಡಲೇ ಒಳಗೆ ಬರಬೇಕು. ಚೌಕುಳಿಯ ಬಾವುಟ ಹೊತ್ತು ಮುಗಿದುದರ ಗುರುತು. ನಿಧಾನಿಸುವವನು ಕೈ ಎತ್ತಬೇಕು. ಹಾದಿಯ ಮಧ್ಯೆ ಎಂದೂ ನಿಲ್ಲಬಾರದು. ಹೊಸಬರು, ಸ್ವಲ್ಪ ಬಲ್ಲವರು, ಚೆನ್ನಾಗಿ ಬಲ್ಲವರು ಎಂದು ಮೂರು ತಂಡಗಳಾಗಿ ವಿಂಗಡಿಸಿ, ಸರದಿಯ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಡುತ್ತಾರೆ. ತಮ್ಮನ್ನು ತಾವೇ ಬಲ್ಲವರ ತಂಡಕ್ಕೆ ಸೇರಿಸಿಕೊಳ್ಳುವ ಹೊಸಬರು ಎಲ್ಲ ಕಡೆಯೂ ಇರುತ್ತಾರೆಂದು ಬೋಧಕರು ನಕ್ಕರು. ಬೆಟ್ಟದ ಗಡಿಯಾರದ ಲೆಕ್ಕವನ್ನು ನೆನೆದು ತರುಣನೂ ಒಂದು ಕ್ಷಣ ಅನುಮಾನಿಸಿದ. ಬಳಿಕ ಹೊಸಬರ ಸಾಲಿನಲ್ಲೇ ಹೆಸರು ಬರೆಸಿದ.

ಮೊದಲ ಸುತ್ತುಗಳು ಬೋಧಕನ ಬೆನ್ನ ಹಿಂದೆ, ಮೆಲ್ಲಗೆ. ಆಗ ಕಾಣುವುದು ಮುಖ್ಯವಾಗಿ ಒಂದು ಗೆರೆ. ತಿರುವಿಗೆ ಬರುವಾಗ ಹಾದಿಯ ಹೊರ ಅಂಚು. ತಿರುವಿನ ನಡುವೆ ಒಳ ಅಂಚಿಗೆ ತಾಗುವಂತೆ. ಹೊರಬೀಳುವಾಗ ಮತ್ತೆ ಹೊರ ಅಂಚು. ಹೀಗೆ ಹೋದರೆ ವಕ್ರವಾದ ತಿರುವು ತಕ್ಕಮಟ್ಟಿಗೆ ನೇರವಾಗುತ್ತದೆ. ಬೀದಿಯಲ್ಲಿ ಇದನ್ನು ಮಾಡುವಂತಿಲ್ಲ, ಮಾಡಲೂಬಾರದು. ರಸ್ತೆಯ ಅರ್ಧ ಇನ್ನೊಬ್ಬರದು. ಇಲ್ಲಿ ಪೂರ್ತಿ ಅಗಲ ಒಬ್ಬನ ದಿಕ್ಕಿನದೇ. ಎದುರಿನಿಂದ ಯಾರೂ ಬರುವುದಿಲ್ಲ.

ಇಷ್ಟು ಸರಳವಾದ ಸಂಗತಿಯನ್ನು ದೇಹಕ್ಕೆ ಮನಗಾಣಿಸುವುದು ಸುಲಭವಲ್ಲ. ಮೊದಲ ಸರದಿಯುದ್ದಕ್ಕೂ ತರುಣ ಎಡಕ್ಕೆ ಒತ್ತಿಕೊಂಡೇ ಹೋದ. ಪ್ರತಿ ತಿರುವಿನಲ್ಲೂ ಎಡಗೈಯ ಹೆಬ್ಬೆರಳು ತಾನಾಗಿ ಹಾರನ್ನಿನ ಗುಂಡಿಯನ್ನು ಹುಡುಕಿತು. ಬೀದಿಯಲ್ಲಿ ಹನ್ನೆರಡು ವರ್ಷ ಕಲಿತದ್ದನ್ನು ಹದಿನೈದು ನಿಮಿಷದಲ್ಲಿ ಮರೆಯಲಾದೀತೇ?

ಎರಡನೆಯ ಸರದಿಯಲ್ಲಿ ಅವನಿಗೆ ಇನ್ನೊಂದು ವಿಷಯ ತಿಳಿಯಿತು. ಬೀದಿಯಲ್ಲಿ ಒಂದು ತಿರುವನ್ನು ತಪ್ಪಾಗಿ ತಿರುಗಿಸಿದರೆ ಅದು ಹಿಂದೆ ಉಳಿಯುತ್ತದೆ, ಸವಾರ ಮರೆಯುತ್ತಾನೆ. ಇಲ್ಲಿ ಅದೇ ತಿರುವು ಎರಡು ನಿಮಿಷದೊಳಗೆ ಮತ್ತೆ ಎದುರಾಗುತ್ತದೆ. ತಪ್ಪಿಗೆ ನೆಪ ಹೇಳಲು ಲಾರಿಯಿಲ್ಲ, ಗುಂಡಿಯಿಲ್ಲ, ದನವಿಲ್ಲ. ಡಾಂಬರು ಅದೇ, ತಿರುವು ಅದೇ, ತಪ್ಪು ಮಾಡಿದವನೂ ಅವನೇ. ಬೆಟ್ಟದ ಮೇಲೆ ಅವನು ತಿರುವಿನ ನಡುವೆ ಬ್ರೇಕು ಹಿಡಿಯುತ್ತಿದ್ದ. ಅದು ಚಾತುರ್ಯವೆಂದೇ ತಿಳಿದಿದ್ದ. ಬೋಧಕರು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ವೃತ್ತ ಬರೆದು ವಿವರಿಸಿದರು. ಟೈರಿಗೆ ನೆಲದ ಮೇಲಿರುವ ಹಿಡಿತ ಒಂದು ಗೊತ್ತಾದ ಮೊತ್ತ. ಅದರಲ್ಲಿ ಸ್ವಲ್ಪವನ್ನು ನಿಲ್ಲಿಸುವುದಕ್ಕೂ ಸ್ವಲ್ಪವನ್ನು ತಿರುಗಿಸುವುದಕ್ಕೂ ಖರ್ಚು ಮಾಡಬಹುದು. ಎರಡಕ್ಕೂ ಪೂರ್ತಿ ಮೊತ್ತ ಬೇಕೆಂದರೆ ಸಾಲ ಕೊಡುವವರಿಲ್ಲ. ಆದುದರಿಂದ ಗಾಡಿ ನೆಟ್ಟಗಿರುವಾಗಲೇ ಬ್ರೇಕು. ತಿರುವಿಗೆ ಬಾಗಿದಂತೆ ಬ್ರೇಕನ್ನು ಮೆಲ್ಲಗೆ ಬಿಡುವುದು. ತಿರುವಿನ ಬಾಯಿ ಕಂಡ ಮೇಲೆ ಆಕ್ಸಿಲರೇಟರು. ಸಂಬಳದ ದಿನಗಳನ್ನು ಬಲ್ಲ ಮಧ್ಯಮ ವರ್ಗದವರಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿಲ್ಲ.

ವೇಗದ ಲೆಕ್ಕವೂ ಅಷ್ಟೇ ಕಟುವಾದದ್ದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನೇಳು ಮೀಟರು ಸರಿಯುತ್ತದೆ. ೧೨೦ರಲ್ಲಿ ಮೂವತ್ತಮೂರು. ಆದರೆ ವೇಗ ಇಮ್ಮಡಿಯಾದಾಗ ಬ್ರೇಕು ಹಿಡಿದು ನಿಲ್ಲಲು ಬೇಕಾದ ದೂರ ಇಮ್ಮಡಿಯಲ್ಲ, ನಾಲ್ಮಡಿ.

ಮೂರನೆಯ ಸರದಿಯಲ್ಲಿ, ಹನ್ನೊಂದು ಗಂಟೆಯ ಬಿಸಿಲಿಗೆ ಡಾಂಬರು ಕಾದು ಟೈರುಗಳು ಅಂಟುತ್ತಿದ್ದಾಗ, ತರುಣನಿಗೆ ಧೈರ್ಯ ಬಂದಿತು. ಗಾಳಿ ಪಾಲಕ್ಕಾಡಿನ ಕಡೆಯಿಂದ ಬೀಸುತ್ತಿತ್ತು. ಮುಂದೆ ಒಬ್ಬನನ್ನು ದಾಟಿದ; ಇನ್ನೊಬ್ಬನನ್ನು ದಾಟಿದ. ನೇರ ಹಾದಿಯ ಕೊನೆಯಲ್ಲಿ ಬ್ರೇಕಿಗೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗುರುತು ಸರಿದುಹೋದದ್ದು ಗಮನಕ್ಕೆ ಬಂದಾಗ ತಡವಾಗಿತ್ತು. ತಿರುವಿನ ಆಚೆಯ ಟೈರುಗಳ ಗೋಡೆ ಕಣ್ಣಿಗೆ ಬಿತ್ತು. ಕಣ್ಣು ಅದನ್ನು ಬಿಡಲಿಲ್ಲ. ಸವಾರ ಎಲ್ಲಿ ನೋಡುತ್ತಾನೋ ಗಾಡಿ ಅಲ್ಲಿಗೆ ಹೋಗುತ್ತದೆ ಎಂದು ಬೆಳಿಗ್ಗೆ ಬೋಧಕರು ಮೂರು ಸಲ ಹೇಳಿದ್ದರು. ಗಾಡಿ ಅಲ್ಲಿಗೇ ಹೊರಟಿತು. ಅವನು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಹಾದಿ ಬಿಟ್ಟು, ಮಣ್ಣಿಗೆ ಇಳಿದ. ಧೂಳು ಎದ್ದಿತು. ಹಿಂದಿನ ಚಕ್ರ ಎರಡು ಸಲ ಬಾಲ ಬೀಸಿತು. ಗಾಡಿ ಬೀಳದೆ ನಿಂತಿತು.

ಹಳದಿ ಬಾವುಟಗಳು ಬೀಸತೊಡಗಿದವು. ಬಾವುಟದವನು ಕೈಸನ್ನೆ ಮಾಡುವವರೆಗೆ ಕಾದು, ಮೆಲ್ಲಗೆ ಹಾದಿ ಸೇರಿ, ಅಂಗಳಕ್ಕೆ ಬಂದು, ಹೆಲ್ಮೆಟ್ಟು ಕಳಚಿ, ನೀರು ಕುಡಿದು ಕುಳಿತ. ಕೈ ನಡುಗುತ್ತಿತ್ತು. ಬೋಧಕರು ಬೈಯಲಿಲ್ಲ. ಊಟದ ಬಿಡುವಿನಲ್ಲಿ ಹಾದಿ ಖಾಲಿಯಾಗಿದ್ದಾಗ ಅವನನ್ನು ಆ ತಿರುವಿಗೆ ಕರೆದುಕೊಂಡು ಹೋದರು. ಡಾಂಬರಿನ ಅಂಚಿನಿಂದ ಗಾಡಿ ನಿಂತ ಜಾಗದವರೆಗೆ ನಡೆಯಲು ಹೇಳಿದರು. ಇಪ್ಪತ್ತೆಂಟು ಹೆಜ್ಜೆ. ಅಲ್ಲಿಂದ ಟೈರುಗಳ ಗೋಡೆಗೆ ಮತ್ತೆ ಹದಿನಾಲ್ಕು ಹೆಜ್ಜೆ. ಈ ಖಾಲಿ ಮಣ್ಣನ್ನು ಬೇಕೆಂದೇ ಖಾಲಿ ಬಿಟ್ಟಿರುವುದು, ಹಾದಿಯಷ್ಟೇ ಬೆಲೆ ಇದಕ್ಕೂ ಉಂಟು, ಎಂದು ಅವರು ಹೇಳಿದರು.

ನಂದಿಯ ಹತ್ತಿರದ ತಿರುವಿನಲ್ಲಿ ಎಷ್ಟು ಹೆಜ್ಜೆ ಇತ್ತು? ತರುಣ ನೆನೆದುಕೊಂಡ. ಡಾಂಬರಿನ ಅಂಚು, ಒಂದು ಕಲ್ಲು, ಅದರಾಚೆ ಮೆಟ್ಟಿಲು. ಮೆಟ್ಟಿಲ ಮೇಲೆ ತಟ್ಟೆ ಹಿಡಿದ ಹೆಂಗಸು. ನಾಲ್ಕು ಹೆಜ್ಜೆಯೂ ಇರಲಿಲ್ಲ.

ಮಧ್ಯಾಹ್ನದ ಎರಡು ಸರದಿಗಳಲ್ಲಿ ಅವನು ಯಾರನ್ನೂ ದಾಟಲು ಹೋಗಲಿಲ್ಲ. ಅದೇ ಗುರುತಿಗೆ ಬ್ರೇಕು, ಅದೇ ಗೆರೆ, ಕಣ್ಣು ತಿರುವಿನ ಬಾಯಿಯಾಚೆಗೆ. ವಿಚಿತ್ರವೆಂದರೆ, ಅವಸರ ಬಿಟ್ಟ ಮೇಲೆ ಅವನು ಬೆಳಗಿಗಿಂತ ವೇಗವಾಗಿ ಸುತ್ತುತ್ತಿದ್ದನೆಂದು ಬೋಧಕರು ಹೇಳಿದರು. ಎಷ್ಟು ಸೆಕೆಂಡು ಎಂದು ಅವನು ಕೇಳಲಿಲ್ಲ. ಸಂಜೆಯ ಹೊತ್ತಿಗೆ ತೊಡೆ, ಹೆಗಲು, ಮಣಿಕಟ್ಟುಗಳೆಲ್ಲ ಗದ್ದೆ ಉತ್ತವನಂತೆ ನೋಯುತ್ತಿದ್ದವು. ಚರ್ಮದ ದಿರಿಸಿನೊಳಗೆ ಹಾಕ್ಕೊಂಡಿದ್ದ ಬನಿಯನ್ನು ಹಿಂಡಿದರೆ ಒಂದು ಲೋಟ ನೀರು ಬರುವಂತಿತ್ತು. ಈ ಆಟಕ್ಕೆ ಬರುವವರು ನೀರಿನ ಬಾಟಲಿಗಳನ್ನು ಮರೆಯಬಾರದು. ಪೆಟ್ರೋಲಿಗಿಂತ ಮೊದಲು ಅದೇ ಮುಗಿಯುತ್ತದೆ.

ದಣಿದ ಮೈಯಲ್ಲಿ ಅಂದೇ ಹೊರಡುವುದು ತರವಲ್ಲ. ಹೊರಟರೂ ರಾತ್ರಿ ದಿಂಬಂ ಗೇಟು ಮುಚ್ಚುತ್ತದೆ. ಸೋಮವಾರ ಬೆಳಿಗ್ಗೆ ಕನ್ನಡಿಗಳನ್ನು ಮತ್ತೆ ಕೂರಿಸಿ, ದೀಪಗಳ ಅಂಟುಪಟ್ಟಿ ಕಿತ್ತು, ಟೈರುಗಳಿಗೆ ಗಾಳಿ ತುಂಬಿಸಿಕೊಂಡು ಅವನು ಹೊರಟ. ಇಪ್ಪತ್ತೇಳು ತಿರುವುಗಳನ್ನು ಈಗ ಹತ್ತಬೇಕು. ಕೆಳಗಿನಿಂದ ಮೊದಲ ಫಲಕದ ಬಳಿ ಲಾರಿಯೊಂದು ಏದುಸಿರು ಬಿಡುತ್ತಿತ್ತು. ಅವನು ಅದರ ಹಿಂದೆಯೇ, ಹೊಗೆ ನುಂಗುತ್ತ, ಒಂಬತ್ತು ತಿರುವುಗಳವರೆಗೆ ಹೋದ. ಲಾರಿಯವನು ಕೈ ಹೊರಹಾಕಿ ದಾರಿ ಬಿಟ್ಟ ಮೇಲೆಯೇ ದಾಟಿದ.

ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ. ತಾಯಿ ಬಾಗಿಲಲ್ಲೇ ನಿಲ್ಲಿಸಿ ಮೊಣಕೈ, ಮೊಣಕಾಲು ಮುಟ್ಟಿ ನೋಡಿದರು, “ಊಟ ಮಾಡಿದ್ಯೇನೋ?” ಎಂದರು. ತಂದೆ ಮಾತಾಡದೆ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಹಿಂದಿನ ಟೈರಿನ ಮೇಲೆ ಬೆರಳಾಡಿಸಿದರು. ನಡುವಿನಿಂದ ಎರಡೂ ಅಂಚಿನ ಕಡೆಗೆ ರಬ್ಬರು ಒಂದೇ ಸಮನಾಗಿ ತೇದು, ಉಪ್ಪುಕಾಗದ ಉಜ್ಜಿದಂತೆ ಒರಟಾಗಿತ್ತು. ಅಂಚಿನಲ್ಲಿ ಒಂದು ಕಡೆ ಮಾತ್ರ ಕೆಂಪು ಮಣ್ಣು ಅಂಟಿಕೊಂಡಿತ್ತು.

“ಒಂದ್ಸಲ ಹೊರಗೆ ಹೋಗಿದ್ದೆ ಅನ್ಸತ್ತೆ,” ಎಂದರು.

“ಹೂಂ ಅಪ್ಪ. ಜಾಗ ಇತ್ತು.”

ತಂದೆ ಉಗುರಿನಿಂದ ಮಣ್ಣನ್ನು ಕೆರೆದು ತೆಗೆದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ಯೆಜ್ಡಿಯ ಮೇಲಿನ ಬೆಡ್‌ಶೀಟನ್ನು ಎಳೆದರು. ಇವತ್ತು ಸಂಜೆ ಇದನ್ನೊಂದು ಸುತ್ತು ಓಡಿಸಿ ಬರೋಣ, ಬಹಳ ದಿನ ಆಯ್ತು, ಎಂದರು.